ತುರುಬು ಸಣ್ಣದಾಯಿತು, ನೀರಿಗೆ ಬೈಯೋಣವೇ?

ಪ್ರಶ್ನೆ: ನನಗೆ 53 ವರ್ಷ. ತವರು ಧಾರವಾಡ. ಮದುವೆಯಾದಾಗಿನಿಂದ ಡೊಂಬಿವಲಿಯಲ್ಲಿದ್ದೆ. ಈ ಜೂನ್‌ನಲ್ಲಿ ಪುಣೆಯ ವಾಘೋಲಿಗೆ, ಮಗನ ಮನೆಗೆ ಬಂದೆವು. ಇಲ್ಲಿ ಸೊಸೈಟಿಗೆ ಟ್ಯಾಂಕರ್ ನೀರು. ಆಗಸ್ಟ್‌ನಲ್ಲಿ ಡೆಂಗ್ಯೂ ಆಗಿ ಎಂಟು ದಿನ ಮಲಗಿದ್ದೆ. ದೀಪಾವಳಿಯಿಂದ ಈಚೆಗೆ ತಲೆ ಬಾಚಿದರೆ ಕೈತುಂಬಾ ಕೂದಲು ಬರುತ್ತಿದೆ, ಅದೂ ಬೇರು ಸಮೇತ. ಬೈತಲೆ ಮಾತ್ರ ಮೂರ್ನಾಲ್ಕು ವರ್ಷದಿಂದಲೇ ಅಗಲವಾಗುತ್ತಾ ಬಂದಿದೆ. ಮುಟ್ಟು ನಿಂತು ಮೂರು ವರ್ಷವಾಯಿತು. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಕೂದಲಿಗೆಂದು ಎರಡು ತಿಂಗಳಿಂದ ಬಯೋಟಿನ್ ಎಂಬ ವಿಟಮಿನ್ ಮಾತ್ರೆಯೂ ನಡೆದಿದೆ. ಅಮೋನಿಯಾ ಇಲ್ಲದ ಬಣ್ಣ ಹಚ್ಚುತ್ತೇನೆ. ಕಳೆದ ಎರಡು ಸಲ ಕಿವಿ ಹಿಂದೆ, ಹಣೆಯ ಮೇಲೆ ವಿಪರೀತ ತುರಿಕೆ ಬಂತು. ಸೊಸೆ ಭುಜದವರೆಗೆ ಕತ್ತರಿಸಿಬಿಡಿ ಅನ್ನುತ್ತಾಳೆ. ಅತ್ತೆಗೆ ಅದು ಒಪ್ಪಿಗೆಯಿಲ್ಲ. ಪಕ್ಕದ ಮನೆಯವರು ಒಮ್ಮೆ ಬೋಳಿಸಿದರೆ ದಟ್ಟವಾಗಿ ಬರುತ್ತೆ ಅನ್ನುತ್ತಾರೆ. ಫೆಬ್ರವರಿಯಲ್ಲಿ ಮಗಳ ಮದುವೆ. ಇದೆಲ್ಲ ನೀರಿನಿಂದಲೇ ಆಯಿತೇ? ಹೋದ ಕೂದಲು ಬರುತ್ತದೆಯೇ?

ಉತ್ತರ:

ಅಕ್ಕ, ನಿಮ್ಮ ಪತ್ರ ಎರಡು ಸಲ ಓದಿದೆ. ಎಲ್ಲವೂ ಒಂದೇ ತೊಂದರೆ ಎಂದು ನೀವು ತಿಳಿದಿದ್ದೀರಿ. ನನಗೆ ಅದರಲ್ಲಿ ಮೂರು ಬೇರೆ ಬೇರೆ ತೊಂದರೆ ಕಾಣುತ್ತಿವೆ. ಮೂರೂ ಒಂದೇ ಕಾಲಕ್ಕೆ ಬಂದಿರುವುದರಿಂದ ಒಂದೇ ಅನ್ನಿಸುತ್ತಿದೆ, ಅಷ್ಟೇ. ದೀಪಾವಳಿಯಿಂದ ಉದುರುತ್ತಿರುವುದು ಒಂದು. ಮೂರ್ನಾಲ್ಕು ವರ್ಷದಿಂದ ಬೈತಲೆ ಅಗಲವಾಗುತ್ತಿರುವುದು ಇನ್ನೊಂದು. ಬಣ್ಣದ ತುರಿಕೆ ಮೂರನೆಯದು. ನೀರು ಈ ಮೂರಕ್ಕೂ ಕಾರಣ ಅಲ್ಲ.

ನೀರಿನ ಮಾತನ್ನು ಮೊದಲೇ ಮುಗಿಸಿಬಿಡೋಣ. ಪುಣೆಯಲ್ಲಿ ನನ್ನ ಕ್ಲಿನಿಕ್‌ಗೆ ಬರುವ ಹೆಂಗಸರಲ್ಲಿ ಹೆಚ್ಚಿನವರ ಮೊದಲ ದೂರೇ ಇದು. ವಾಘೋಲಿ, ಉಂಡ್ರಿ, ವಾಕಡ್ ಕಡೆಯಿಂದ ಬಂದವರಂತೂ ಕೂರುವ ಮೊದಲೇ "ನಮ್ಮಲ್ಲಿ ಟ್ಯಾಂಕರ್ ನೀರು" ಅನ್ನುತ್ತಾರೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ಶಾಂಪೂ ನೊರೆ ಬರುವುದಿಲ್ಲ, ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಬಾಚುವಾಗ ಮಧ್ಯಕ್ಕೇ ತುಂಡಾಗುತ್ತದೆ. ಇಷ್ಟು ನಿಜ. ಆದರೆ ಕೂದಲಿನ ಬುಡ ಇರುವುದು ಚರ್ಮದೊಳಗೆ, ಮೂರ್ನಾಲ್ಕು ಮಿಲಿಮೀಟರ್ ಆಳದಲ್ಲಿ. ತಲೆಗೆ ಸುರಿದ ನೀರು ಅಲ್ಲಿಗೆ ಹೋಗಿ ಏನನ್ನೂ ಕೆಡಿಸುವುದಿಲ್ಲ. ಕೊನೆಯ ಎರಡು ತಂಬಿಗೆ ಮಾತ್ರ ಫಿಲ್ಟರ್ ನೀರು ಹಾಕಿಕೊಳ್ಳಿ, ತುದಿಗೆ ಸ್ವಲ್ಪ ಕಂಡೀಷನರ್ ಹಚ್ಚಿ. ಕೂದಲಿಗಾಗಿಯೇ ಸಾವಿರಾರು ರೂಪಾಯಿಯ ಶವರ್ ಫಿಲ್ಟರ್ ಬೇಡ.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ನಾಳೆ ಬಾಚುವಾಗ ಹಳೆಯ ಬಿಳಿ ಪಂಚೆ ಹಾಸಿಕೊಂಡು ಕೂರಿ. ಬಿದ್ದ ಕೂದಲನ್ನು ಒಂದೊಂದಾಗಿ ಬೆಳಕಿಗೆ ಹಿಡಿಯಿರಿ. ಉದ್ದಕ್ಕಿದ್ದು, ಒಂದು ತುದಿಯಲ್ಲಿ ಸಾಬೂದಾನಿ ಚೂರಿನಂಥ ಬಿಳಿ ಗಂಟು ಕಂಡರೆ ಅದು ಬುಡದಿಂದ ತಾನಾಗಿ ಕಳಚಿದ ಕೂದಲು. ಗಂಟಿಲ್ಲದೆ ಮೋಟಾಗಿದ್ದರೆ ಅದು ತುಂಡಾದದ್ದು. ಮೋಟು ಚೂರುಗಳೇ ಜಾಸ್ತಿ ಇದ್ದರೆ ನೀರಿನ ಮೇಲೆ, ಡ್ರೈಯರ್ ಮೇಲೆ ಅನುಮಾನ ಪಡಿ. ನೀವು "ಬೇರು ಸಮೇತ" ಎಂದು ಬರೆದದ್ದು ಈ ಬಿಳಿ ಗಂಟನ್ನು ನೋಡಿಯೇ ಇರಬೇಕು. ಹೆದರಬೇಡಿ, ಅದು ಬೇರಲ್ಲ. ಹಾಲುಹಲ್ಲು ಬಿದ್ದರೂ ಒಸಡು ಉಳಿಯುವುದಿಲ್ಲವೇ, ಹಾಗೆ. ಬೇರು ಒಳಗೇ ಇದೆ, ಅಲ್ಲಿಂದ ಮತ್ತೆ ಕೂದಲು ಹುಟ್ಟುತ್ತದೆ.

ಹಾಗಾದರೆ ದೀಪಾವಳಿಯಿಂದ ಯಾಕೆ ಉದುರುತ್ತಿದೆ? ನಿಮ್ಮ ಪತ್ರದಲ್ಲೇ ಉತ್ತರ ಇದೆ: ಆಗಸ್ಟ್‌ನ ಡೆಂಗ್ಯೂ.

ಒಂದೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ, ತಿಂಗಳಿಗೆ ಹೆಚ್ಚುಕಮ್ಮಿ 1 ಸೆಂಟಿಮೀಟರ್. ಆಮೇಲೆ ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲುತ್ತದೆ. ನಂತರ ಸುಮಾರು ಮೂರು ತಿಂಗಳು ಸುಮ್ಮನೆ ಬುಡದಲ್ಲಿ ನಿಂತಿದ್ದು ಬೀಳುತ್ತದೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿವೆ. ಎಲ್ಲದರ ಸರದಿ ಒಂದೇ ಸಲ ಬರುವುದಿಲ್ಲ. ಅದಕ್ಕೇ ದಿನಕ್ಕೆ 50ರಿಂದ 100 ಕೂದಲು ಬೀಳುವುದು ಸಹಜ. ಜೋರು ಜ್ವರ, ಆಪರೇಷನ್, ಹೆರಿಗೆ, ಊಟ ಬಿಟ್ಟು ತೂಕ ಇಳಿಸುವುದು, ಇಂಥವು ಬಂದಾಗ ಶರೀರ ತನ್ನ ಶಕ್ತಿಯನ್ನು ಬೇರೆ ಕಡೆಗೆ ತಿರುಗಿಸುತ್ತದೆ. ಬಹಳಷ್ಟು ಕೂದಲು ಒಟ್ಟಿಗೇ ಬೆಳೆಯುವುದನ್ನು ನಿಲ್ಲಿಸಿಬಿಡುತ್ತವೆ. ಆದರೆ ಅವು ಆಗಲೇ ಬೀಳುವುದಿಲ್ಲ, ಎರಡು ಮೂರು ತಿಂಗಳು ಬಿಟ್ಟು ಬೀಳುತ್ತವೆ. ಅಷ್ಟರಲ್ಲಿ ನಾವು ಜ್ವರವನ್ನೇ ಮರೆತಿರುತ್ತೇವೆ. ಮೊನ್ನೆ ಬದಲಾಯಿಸಿದ ಎಣ್ಣೆಯನ್ನೋ ನೀರನ್ನೋ ದೂರುತ್ತೇವೆ. ವೈದ್ಯರು ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಎನ್ನುತ್ತಾರೆ. ಕೋವಿಡ್ ಆದಮೇಲೆ ಎಷ್ಟೋ ಜನ ಇದನ್ನು ಕಂಡರು. ಮಳೆಗಾಲದಲ್ಲಿ ಡೆಂಗ್ಯೂ, ಚಿಕುನ್‌ಗುನ್ಯಾ ಆದವರು ದೀಪಾವಳಿ ಮುಗಿದ ಮೇಲೆ ನನ್ನ ಹತ್ತಿರ ಬರುವುದು ಪ್ರತಿ ವರ್ಷದ ಮಾತು.

ಇದು ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ನಿಮ್ಮ ಕೈತುಂಬಾ ಬರುತ್ತಿರುವ ಕೂದಲಿನಲ್ಲಿ ದೊಡ್ಡ ಪಾಲು ಹಿಂದಿರುಗಿ ಬರುವಂಥದ್ದು. ಸಂಜೆ ಹೊತ್ತು ಬಾಚಣಿಗೆ ಹಿಡಿದು ಎಣಿಸುತ್ತಾ ಕೂರಬೇಡಿ.

ಆದರೆ ಬೈತಲೆಯ ವಿಷಯದಲ್ಲಿ ಅಷ್ಟು ಸಲೀಸಾಗಿ ಹೇಳಲಾರೆ.

ನನ್ನ ಕ್ಲಿನಿಕ್‌ನಲ್ಲಿ ನಾನು ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇನೆ: ಜಡೆಯ ರಬ್ಬರ್ ಬ್ಯಾಂಡ್ ಐದು ವರ್ಷದ ಹಿಂದೆ ಎಷ್ಟು ಸುತ್ತು ಬರುತ್ತಿತ್ತು, ಈಗ ಎಷ್ಟು? ಎರಡು ಸುತ್ತಿಗೆ ಬಿಗಿಯಾಗುತ್ತಿದ್ದದ್ದು ಈಗ ನಾಲ್ಕು ಸುತ್ತು ಕೇಳುತ್ತಿದ್ದರೆ ಕೂದಲು ಉದುರಿದ್ದಷ್ಟೇ ಅಲ್ಲ, ಸಣ್ಣದಾಗಿದೆ ಎಂದರ್ಥ. ವಯಸ್ಸಾದಂತೆ ಕೂದಲಿಗೆ ಆಗುವುದು ಮುಖ್ಯವಾಗಿ ಇದೇ. ನಲವತ್ತರ ಆಸುಪಾಸಿನಿಂದ ಒಂದೊಂದು ಎಳೆಯ ದಪ್ಪ ಕಡಿಮೆಯಾಗುತ್ತಾ ಬರುತ್ತದೆ, ಬೆಳೆಯುವ ಅವಧಿಯೂ ಕುಗ್ಗುತ್ತದೆ. ಸೊಂಟದವರೆಗಿದ್ದ ಜಡೆ ಕತ್ತರಿಸದೆಯೇ ಗಿಡ್ಡವಾಗುವುದು ಇದರಿಂದಲೇ. ಮುಟ್ಟು ನಿಂತಮೇಲೆ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನ್ ಇಳಿಯುತ್ತದೆ, ನೆತ್ತಿಯ ಎಣ್ಣೆಯಂಶವೂ ಕಡಿಮೆಯಾಗುತ್ತದೆ. ಮನೆತನದಲ್ಲಿ ಆ ಗುಣ ಇದ್ದವರಿಗೆ ನೆತ್ತಿಯ ಮೇಲಿನ ಬುಡಗಳು ವರ್ಷದಿಂದ ವರ್ಷಕ್ಕೆ ಕುಗ್ಗಿ, ದಾರದಂಥ ಕೂದಲಿನ ಬದಲು ನವಿರು ಕೂದಲು ಹುಟ್ಟಿಸುತ್ತವೆ. ಬೈತಲೆ ಅಗಲವಾಗುತ್ತದೆ, ಹಣೆಯ ಅಂಚು ಮಾತ್ರ ಹಾಗೇ ಉಳಿಯುತ್ತದೆ. ಗಂಡಸರ ಬೋಳಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. 1977ರಲ್ಲಿ ಲುಡ್ವಿಗ್ ಎಂಬ ವೈದ್ಯರು ಇದನ್ನು ಮೂರು ಹಂತಗಳಾಗಿ ವಿಂಗಡಿಸಿದರು. ನಾವು ಈಗಲೂ ಅದನ್ನೇ ಬಳಸುತ್ತೇವೆ. ಹೆಂಗಸರು ಪೂರ್ತಿ ಬೋಳಾಗುವುದು ತೀರಾ ಅಪರೂಪ.

ಕ್ಲಿನಿಕ್‌ನಲ್ಲಿ ಡರ್ಮೋಸ್ಕೋಪ್ ಎಂಬ ಸಣ್ಣ ಭೂತಗನ್ನಡಿಯನ್ನು ಬೈತಲೆಯ ಮೇಲಿಟ್ಟು, ಕಾಣುವುದನ್ನು ಪರದೆಯ ಮೇಲೆ ಅವರಿಗೂ ತೋರಿಸುತ್ತೇನೆ. ಒಂದು ಬೆರಳಗಲದ ಜಾಗದಲ್ಲೇ ದಪ್ಪ ಎಳೆ, ಪಕ್ಕದಲ್ಲಿ ಅದರ ಅರ್ಧ ದಪ್ಪದ್ದು, ಅದರ ಪಕ್ಕದಲ್ಲಿ ಮಗುವಿನ ಕೆನ್ನೆಯ ನವಿರಿನಂಥದ್ದು. ಹಿಂದಲೆಯಲ್ಲಿಟ್ಟರೆ ಎಲ್ಲವೂ ಒಂದೇ ದಪ್ಪ. ಅದನ್ನು ಕಣ್ಣಾರೆ ನೋಡಿದ ಮೇಲೆ ಹೆಂಗಸರು ಎಣ್ಣೆ ಬ್ರ್ಯಾಂಡಿನ ಮಾತು ಬಿಟ್ಟುಬಿಡುತ್ತಾರೆ.

ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎನ್ನುವುದು ಸುಳ್ಳು. ಕತ್ತರಿಸಿದ ತುದಿ ಚೂಪಾಗಿರದೆ ಮೊಂಡಾಗಿರುತ್ತದೆ, ಅದಕ್ಕೇ ಕೈಗೆ ಒರಟಾಗಿ, ದಪ್ಪಗಿದೆ ಅನ್ನಿಸುತ್ತದೆ. ಹರಕೆ ಇದ್ದರೆ ಮುಡಿ ಕೊಡಿ, ಅದು ಬೇರೆ ಮಾತು. ಒಂದು ಬಿಳಿಕೂದಲು ಕಿತ್ತರೆ ಹತ್ತು ಹುಟ್ಟುತ್ತವೆ ಎನ್ನುವುದೂ ಸುಳ್ಳೇ. ಕಿತ್ತ ಜಾಗದಲ್ಲಿ ಅದೊಂದೇ ಬರುತ್ತದೆ, ಪದೇ ಪದೇ ಕಿತ್ತರೆ ಅದೂ ಬರದೆ ಹೋಗಬಹುದು.

ಎಣ್ಣೆಯ ಬಗ್ಗೆ ಮಾತ್ರ ಅರ್ಧ ಸತ್ಯ ಇದೆ. ತೆಂಗಿನೆಣ್ಣೆ ಕೂದಲಿನ ಎಳೆಯೊಳಗೆ ಇಳಿದು, ತೊಳೆಯುವಾಗ ಪ್ರೊಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ ಎಂದು 2003ರಲ್ಲಿ ಮುಂಬೈನ ಸಂಶೋಧಕರೇ ತೋರಿಸಿದ್ದಾರೆ. ಅವರು ತೆಂಗಿನೆಣ್ಣೆ ಮಾರುವ ಕಂಪನಿಯವರು ಎನ್ನುವುದನ್ನೂ ಹೇಳಬೇಕು. ಅಂದರೆ ಇರುವ ಕೂದಲು ಮುರಿಯದಂತೆ ಎಣ್ಣೆ ಕಾಯುತ್ತದೆ, ಹೊಸದನ್ನು ಹುಟ್ಟಿಸುವುದಿಲ್ಲ. ತಲೆ ತೊಳೆಯುವ ಒಂದೆರಡು ಗಂಟೆ ಮುಂಚೆ ಎಳೆಗಳಿಗೆ ಹಚ್ಚಿದರೆ ಸಾಕು. ತಲೆಹೊಟ್ಟು ಇದ್ದವರು ನೆತ್ತಿಗೆ ತಟ್ಟಿ ರಾತ್ರಿಯೆಲ್ಲ ಬಿಡುವುದು ಬೇಡ, ಹೊಟ್ಟು ಜಾಸ್ತಿಯಾಗುತ್ತದೆ.

ಈಗ ಮಾಡಬೇಕಾದ್ದು. ಮೊದಲು ರಕ್ತಪರೀಕ್ಷೆ: ಹಿಮೋಗ್ಲೋಬಿನ್, ಫೆರಿಟಿನ್ (ಶರೀರದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಥೈರಾಯ್ಡ್, ಬಿ12, ವಿಟಮಿನ್ ಡಿ. ಮುಟ್ಟು ನಿಂತವರಿಗೆ ಕಬ್ಬಿಣದ ಕೊರತೆ ಇರುವುದಿಲ್ಲ ಎಂದುಕೊಳ್ಳಬೇಡಿ. ಶಾಖಾಹಾರಿ ಮನೆಗಳಲ್ಲಿ, ಊಟದ ಬೆನ್ನಿಗೇ ಚಹಾ ಕುಡಿಯುವ ನಮ್ಮ ರೂಢಿಯಲ್ಲಿ, ಅದು ಬೇಕಾದಷ್ಟು ಸಿಗುತ್ತದೆ. ಚಹಾ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರ ಇರಲಿ. ವಾರದಲ್ಲಿ ಎರಡು ಉಪವಾಸ ಮಾಡಿ ಸಾಬೂದಾನಿಯಲ್ಲೇ ದಿನ ಕಳೆಯುವವರಿಗೆ ಪ್ರೊಟೀನ್ ಸಾಲುವುದಿಲ್ಲ. ಕೂದಲು ಮಾಡಲ್ಪಟ್ಟಿರುವುದೇ ಪ್ರೊಟೀನ್‌ನಿಂದ. ಕಾಳು, ಮೊಸರು, ಶೇಂಗಾ, ತಿನ್ನುವವರಾದರೆ ಮೊಟ್ಟೆ, ಇವು ದಿನಾ ಇರಲಿ.

ಬಯೋಟಿನ್ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ, ಯಾಕಂದರೆ ಇದರಿಂದ ನಿಜವಾದ ಎಡವಟ್ಟು ಆಗುತ್ತದೆ. ಊಟ ಸರಿಯಾಗಿರುವವರಿಗೆ ಅದರ ಕೊರತೆ ಇರುವುದೇ ಇಲ್ಲ ಅನ್ನಬಹುದು. ಆದರೆ ರಕ್ತದಲ್ಲಿ ಬಯೋಟಿನ್ ಜಾಸ್ತಿ ಇದ್ದರೆ ಥೈರಾಯ್ಡ್ ಪರೀಕ್ಷೆಯ ಅಂಕಿ ತಪ್ಪಾಗಿ ಬರಬಹುದು. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ತಪ್ಪು ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಇವತ್ತೇ ನಿಲ್ಲಿಸಿ, ಮೂರು ದಿನ ಬಿಟ್ಟು ರಕ್ತ ಕೊಡಿ.

ಬೈತಲೆಗೆ ಇರುವ ಔಷಧಗಳಲ್ಲಿ ಹೆಚ್ಚು ಆಧಾರ ಇರುವುದು ಮಿನಾಕ್ಸಿಡಿಲ್‌ಗೆ. ಮೊದಲು ಅದು ಬಿಪಿ ಮಾತ್ರೆಯಾಗಿತ್ತು. ತೆಗೆದುಕೊಂಡವರ ಮೈಮೇಲೆ ಕೂದಲು ಬೆಳೆದದ್ದನ್ನು ನೋಡಿ ಹಚ್ಚುವ ಔಷಧವಾಯಿತು. 1991ರಲ್ಲಿ ಹೆಂಗಸರಿಗೆಂದು ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನೆತ್ತಿಯ ಚರ್ಮಕ್ಕೆ ಹಚ್ಚಬೇಕು, ಕೂದಲಿಗಲ್ಲ. ಶುರು ಮಾಡಿದ ಎರಡರಿಂದ ಎಂಟು ವಾರದಲ್ಲಿ ಉದುರುವುದು ಜಾಸ್ತಿಯಾಗಬಹುದು. ಹಳೆಯದನ್ನು ತಳ್ಳಿ ಹೊಸದು ಬರುತ್ತಿದೆ ಎಂದು ಹೇಳಿರದಿದ್ದರೆ ಹೆದರಿ ಬಾಟಲಿ ಎಸೆದುಬಿಡುತ್ತಾರೆ. ಗುಣ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಬಂದದ್ದು ಕೆಲವು ತಿಂಗಳಲ್ಲಿ ಹೋಗುತ್ತದೆ. ಮುಖದ ಮೇಲೆ ನವಿರು ಬೆಳೆಯಬಹುದು, ಅದಕ್ಕೇ ಮಲಗುವ ಎರಡು ಗಂಟೆ ಮುಂಚೆ ಹಚ್ಚಿ ಒಣಗಲು ಬಿಡಿ, ದಿಂಬಿಗೆ ತಾಗಬಾರದು. ಮನೆಯಲ್ಲಿ ಬೆಕ್ಕಿದ್ದರೆ ಬಾಟಲಿ ದೂರ ಇಡಿ, ಬೆಕ್ಕಿಗೆ ಇದು ವಿಷ.

ಇದನ್ನೇ ಸಣ್ಣ ಪ್ರಮಾಣದಲ್ಲಿ ಮಾತ್ರೆಯಾಗಿ ಕೊಡುವುದೂ ಈಗ ಹೆಚ್ಚಾಗಿದೆ. ನೀವು ಬಿಪಿ ಮಾತ್ರೆ ತೆಗೆದುಕೊಳ್ಳುವವರು. ಕಾಲು ಬಾಯುವುದು, ಎದೆ ಬಡಿತ ಏರುವುದು ಆಗಬಹುದು. ನಿಮ್ಮ ಬಿಪಿ ನೋಡುವ ಡಾಕ್ಟರನ್ನು ಕೇಳದೆ ಬೇಡ. ಯಾರೋ ಗೆಳತಿ ತೆಗೆದುಕೊಳ್ಳುತ್ತಿದ್ದಾರೆಂದು ಅಂಗಡಿಯಿಂದ ತರಿಸಬೇಡಿ. ನಿಮ್ಮದೇ ರಕ್ತ ತೆಗೆದು ನೆತ್ತಿಗೆ ಚುಚ್ಚುವ ಪಿಆರ್‌ಪಿಯಿಂದ ಕೆಲವರಿಗೆ ಉಪಯೋಗವಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಖರ್ಚು ಮಾತ್ರ ಇಬ್ಬರಿಗೂ ಒಂದೇ. ನಾನು ಅದನ್ನು ಮೊದಲ ಮದ್ದಾಗಿ ಹೇಳುವುದಿಲ್ಲ.

ನಾಣ್ಯದಂತೆ ಗುಂಡಗೆ ಬೋಳಾದರೆ, ನೆತ್ತಿ ಉರಿದರೆ, ಚರ್ಮ ನುಣ್ಣಗೆ ಹೊಳೆಯುತ್ತಿದ್ದರೆ, ಹಣೆಯ ಅಂಚು ಹಿಂದೆ ಸರಿದು ಹುಬ್ಬೂ ತೆಳುವಾಗುತ್ತಿದ್ದರೆ ಕಾಯಬೇಡಿ. ಕೊನೆಯದು ಮುಟ್ಟು ನಿಂತ ಹೆಂಗಸರಲ್ಲೇ ಹೆಚ್ಚು ಕಾಣುವ ರೋಗ, ಬುಡವನ್ನೇ ಸುಟ್ಟಹಾಗೆ ಮಾಡುತ್ತದೆ. ಅಲ್ಲಿ ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು.

ಇನ್ನು ಬಣ್ಣದ ತುರಿಕೆ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಆತಂಕ ತಂದದ್ದು ಇದೇ. ಅಮೋನಿಯಾ ಇಲ್ಲ ಎಂದರೆ ಅಲರ್ಜಿ ಆಗುವುದಿಲ್ಲ ಎಂದಲ್ಲ. ಕಪ್ಪು, ಕಂದು ಬಣ್ಣ ಕೊಡುವುದು ಪಿಪಿಡಿ ಎಂಬ ರಾಸಾಯನಿಕ. ಅಲರ್ಜಿಗೆ ಹೆಚ್ಚಾಗಿ ಕಾರಣವೂ ಅದೇ. ಹತ್ತು ವರ್ಷ ಏನೂ ಆಗದೆ ಇದ್ದು ಹನ್ನೊಂದನೇ ವರ್ಷ ಶುರುವಾಗಬಹುದು. ಒಮ್ಮೆ ಶುರುವಾದರೆ ಪ್ರತಿ ಸಲ ಜೋರಾಗುತ್ತಾ ಹೋಗಬಹುದು. ನನ್ನ ಹತ್ತಿರ ಬಂದ ಒಬ್ಬರು ಎರಡು ಸಲದ ತುರಿಕೆಗೆ ಗುಳಿಗೆ ನುಂಗಿ ಸುಮ್ಮನಾಗಿದ್ದರು. ಮೂರನೇ ಸಲ, ಮನೆಯ ಮುಂಜಿವಿಗೆ ಎರಡು ದಿನ ಇರುವಾಗ, ಗಿಡಮೂಲಿಕೆಯದು ಎಂದು ಕಾಲಿ ಮೆಹಂದಿ, ಅಂದರೆ ಕಪ್ಪು ಮೆಹಂದಿ, ಹಚ್ಚಿಕೊಂಡರು. ಬೆಳಿಗ್ಗೆ ಎದ್ದಾಗ ಎರಡೂ ಕಣ್ಣು ತೆರೆಯಲಾಗದಷ್ಟು ಬಾವು, ಕಿವಿಯಿಂದ ನೀರು ಸೋರುತ್ತಿತ್ತು. ಗಂಡ ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದರು. ಮೆಹಂದಿ ಸೊಪ್ಪು ಕಪ್ಪು ಬಣ್ಣ ಕೊಡುವುದೇ ಇಲ್ಲ, ಕೆಂಪು ಕಿತ್ತಳೆ ಕೊಡುತ್ತದೆ. ಅರ್ಧ ಗಂಟೆಯಲ್ಲಿ ಕಡುಕಪ್ಪು ಮಾಡುವ ಪುಡಿಯಲ್ಲಿ ಪಿಪಿಡಿ ಬೆರೆತಿರುತ್ತದೆ ಎಂದೇ ತಿಳಿಯಿರಿ.

ಆದ್ದರಿಂದ ಇನ್ನೊಂದು ಸಲವೂ ಹಚ್ಚಬೇಡಿ. ಕಿವಿ ಹಿಂದೆ ಚುಕ್ಕೆ ಇಟ್ಟು 48 ಗಂಟೆ ಕಾಯುವ ಪರೀಕ್ಷೆ ಇನ್ನೂ ತೊಂದರೆ ಬರದವರಿಗೆ. ನಿಮಗೆ ಈಗಾಗಲೇ ಬಂದಿದೆ, ಚರ್ಮವೈದ್ಯರ ಹತ್ತಿರವೇ ಪ್ಯಾಚ್ ಟೆಸ್ಟ್ ಮಾಡಿಸಿ. ಪಿಪಿಡಿ ಎಂದು ಗೊತ್ತಾದರೆ ನಿಮಗೆ ಉಳಿಯುವುದು ಶುದ್ಧ ಮೆಹಂದಿ, ಅದರ ಮೇಲೆ ನೀಲಿ (ಇಂಡಿಗೋ) ಸೊಪ್ಪಿನ ಪುಡಿ. ಪೊಟ್ಟಣದ ಮೇಲೆ ಸೊಪ್ಪಿನ ಹೆಸರು ಬಿಟ್ಟು ಬೇರೇನೂ ಬರೆದಿರಬಾರದು. ಕೂದಲು ಸ್ವಲ್ಪ ಒಣಗುತ್ತದೆ, ಮರುದಿನ ಎಣ್ಣೆ ಹಚ್ಚಿ.

ಬಿಳಿಯಾಗಿಯೇ ಬಿಡಬಹುದು ಎನ್ನುವುದೂ ಒಂದು ದಾರಿ. ಅದಕ್ಕೆ ತಾಳ್ಮೆ ಬೇಕು. ಬೆನ್ನಿನವರೆಗಿನ ಜಡೆಯಲ್ಲಿ ಬಣ್ಣ ಪೂರ್ತಿ ಹೋಗಲು ನಾಲ್ಕು ವರ್ಷವೂ ಆಗಬಹುದು, ಅರ್ಧ ಬಿಳಿ ಅರ್ಧ ಕಪ್ಪು ಗೆರೆ ಕಾಣುತ್ತದೆ. ಭುಜದವರೆಗೆ ಕತ್ತರಿಸಿದರೆ ಎರಡೂವರೆ ವರ್ಷ.

ಕತ್ತರಿಸುವ ಮಾತಿಗೆ ಬಂದೆವು. ನಾನು ನಿಮ್ಮ ಸೊಸೆಯ ಪರ. ತೆಳುವಾದ ಕೂದಲು ಉದ್ದ ಇದ್ದಷ್ಟೂ ತನ್ನ ಭಾರಕ್ಕೆ ತಲೆಗೆ ಅಂಟಿಕೊಂಡು, ಬೈತಲೆ ಇನ್ನೂ ಅಗಲ ಕಾಣುತ್ತದೆ. ಭುಜದ ಮಟ್ಟಕ್ಕೆ, ತುದಿ ಸಮವಾಗಿ ಕತ್ತರಿಸಿದರೆ ತುಂಬಿದಂತೆ ಕಾಣುತ್ತದೆ. ಲೇಯರ್ ಜಾಸ್ತಿ ಮಾಡಿಸಬೇಡಿ, ತುದಿ ಇಲಿಬಾಲದಂತಾಗುತ್ತದೆ. ಬೈತಲೆಯನ್ನು ನಡುವಿನಿಂದ ಒಂದೆರಡು ಬೆರಳು ಪಕ್ಕಕ್ಕೆ ಸರಿಸಿ. ಪಾರ್ಲರಿನಲ್ಲಿ ಕೂದಲು ನೇರ, ನುಣುಪು ಮಾಡುವ ಕೆರಾಟಿನ್, ಸ್ಮೂತನಿಂಗ್ ಎಂದರೆ ಬೇಡ ಅನ್ನಿ. ಕೆಲವು ಕ್ರೀಮುಗಳಲ್ಲಿ ಫಾರ್ಮಾಲ್ಡಿಹೈಡ್ ಎಂಬ ವಿಷಕಾರಿ ರಾಸಾಯನಿಕ ಇರುತ್ತದೆ. ಅದರ ಬದಲು ಬಂದ ಗ್ಲೈಆಕ್ಸಿಲಿಕ್ ಆಸಿಡ್‌ನಿಂದ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ.

ಆದರೆ ಅತ್ತೆಯವರ ಬೇಸರವನ್ನು ಹಳೇ ಕಾಲದವರದು ಎಂದು ತಳ್ಳಬೇಡಿ. ಅವರ ಅಜ್ಜಿಯ ಕಾಲದಲ್ಲಿ ಹೆಂಗಸಿನ ತಲೆಗೆ ಕತ್ತರಿ ಬಿದ್ದರೆ ಅದು ಗಂಡ ಸತ್ತಾಗ. ಇದೇ ಪುಣೆಯ ಜೋತಿಬಾ ಫುಲೆಯವರು ಮತ್ತು ಸಂಗಡಿಗರು ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ಕ್ಷೌರಿಕರನ್ನು ಒಗ್ಗೂಡಿಸಬೇಕಾಗಿ ಬಂದಿತ್ತು. ಆ ಭಯ ಮನೆಗಳಲ್ಲಿ ಮಾತಿಲ್ಲದೆ ಉಳಿದಿದೆ. ನಿಮ್ಮ ಅತ್ತೆ ನಿಮ್ಮ ಕೂದಲನ್ನಲ್ಲ, ನಿಮ್ಮ ಸೌಭಾಗ್ಯವನ್ನು ನೆನೆದು ಬೇಡ ಅನ್ನುತ್ತಿರಬಹುದು. ಒಮ್ಮೆ ಅವರನ್ನು ಕೂರಿಸಿಕೊಂಡು ಕೇಳಿ. ಜಡೆ ಹಾಕಿ ಹೂ ಮುಡಿಯುವಷ್ಟು ಉದ್ದ ಉಳಿಸುತ್ತೇನೆ ಎಂದರೆ ಒಪ್ಪಿಯಾರು. ಒಪ್ಪದಿದ್ದರೂ ತಲೆ ನಿಮ್ಮದು, ಉದ್ದವಾಗಿಯೇ ಇಟ್ಟುಕೊಳ್ಳಬೇಕು ಅನ್ನಿಸಿದರೆ ಅದೂ ತಪ್ಪಲ್ಲ. ಸಡಿಲ ಜಡೆ ಇರಲಿ, ದಿನಾ ಎಳೆದು ಕಟ್ಟುವ ಬಿಗಿ ತುರುಬು ಮಾತ್ರ ಬೇಡ. ಎಳೆತಕ್ಕೇ ಹಣೆಯಂಚಿನ ಕೂದಲು ಹೋಗುತ್ತದೆ.

ಮದುವೆಗೆ ಹೀಗೆ ಮಾಡಿ. ಮಿನಾಕ್ಸಿಡಿಲ್ ಈಗಲೇ ಶುರು ಮಾಡಿದರೆ ಅದರ ಉದುರುವಿಕೆಯೂ ಡೆಂಗ್ಯೂದೂ ಸೇರಿಕೊಳ್ಳುತ್ತವೆ. ಮದುವೆ ಮುಗಿಸಿ, ರಕ್ತಪರೀಕ್ಷೆಯ ಫಲ ಕೈಯಲ್ಲಿಟ್ಟುಕೊಂಡು ಶುರು ಮಾಡಿ. ಆ ಎರಡು ಮೂರು ತಿಂಗಳಿಂದ ಏನೂ ಕೆಡುವುದಿಲ್ಲ. ಮದುವೆಯ ದಿನ ಚೌರಿ ಸೇರಿಸಿ ತುರುಬು ಹಾಕಿಸಿಕೊಳ್ಳಬಹುದು. ಅದರ ಭಾರ ನೆತ್ತಿಯ ಮೇಲೆ ಬೀಳದೆ ಹಿಂದಲೆಯ ದಟ್ಟ ಕೂದಲಿನ ಮೇಲೆ ಬೀಳುವಂತೆ ಪಿನ್ ಹಾಕಲು ಹೇಳಿ, ಧಾರೆ ಮುಗಿದ ಮೇಲೆ ತೆಗೆದುಬಿಡಿ. ಮಲ್ಲಿಗೆ ದಂಡೆಯನ್ನು ಕೂದಲಿಗೆ ಚುಚ್ಚುವ ಬದಲು ತುರುಬಿನ ಬಲೆಗೆ ಸಿಕ್ಕಿಸಿ. ಬೈತಲೆ ಕಾಣುವ ಕಡೆ ಬುಡಕ್ಕೆ ಹಚ್ಚುವ ಕಪ್ಪು ಪುಡಿ ಸಿಗುತ್ತದೆ, ಅದರಲ್ಲೂ ಪಿಪಿಡಿ ಇಲ್ಲವೆಂದು ನೋಡಿಕೊಳ್ಳಿ.

ಆ ಬೆಳಿಗ್ಗೆ ಕನ್ನಡಿ ಮುಂದೆ ಕೂತಾಗ ಬೈತಲೆಯ ಎರಡೂ ಬದಿಗೆ, ಹಣೆಯ ಮೇಲೆ, ಎರಡು ಮೂರು ಸೆಂಟಿಮೀಟರಿನ ಗಿಡ್ಡ ಕೂದಲು ನೆಟ್ಟಗೆ ನಿಂತಿರಬಹುದು. ಮೇಕಪ್ಪಿನವರು ಮುರಿದ ಕೂದಲು ಎಂದು ಜೆಲ್ ಹಾಕಿ ಒತ್ತಲು ಬರುತ್ತಾರೆ. ತುದಿ ಚೂಪಾಗಿದ್ದರೆ ಅವು ಮುರಿದವಲ್ಲ, ಡೆಂಗ್ಯೂ ಆದಮೇಲೆ ಹೊಸದಾಗಿ ಹುಟ್ಟಿದವು. ಎಳೆದು ಪಿನ್ ಹಾಕಲು ಬಿಡಬೇಡಿ.